ಕುಂಡಕ್ಕೆ ಗೊಬ್ಬರಕ್ಕಿಂತ ಮೊದಲು ಗಾಳಿ ಬೇಕು

ಮಾನ್ಯ ಸಂಪಾದಕರೇ,

ಮನೆಯಲ್ಲಿ ಗಿಡ ಬೆಳೆಸುವವರಿಗಾಗಿ ಪತ್ರಿಕೆಗಳಲ್ಲಿ ಬರುವ ಸಲಹೆಗಳನ್ನು ನಾನು ಬಿಡದೆ ಓದುತ್ತೇನೆ. ಯಾವ ಗೊಬ್ಬರ ಹಾಕಬೇಕು, ಎಷ್ಟು ದಿನಕ್ಕೊಮ್ಮೆ ಹಾಕಬೇಕು, ಯಾವ ಹುಳಕ್ಕೆ ಏನು ಸಿಂಪಡಿಸಬೇಕು, ಎಲ್ಲಾ ವಿವರವಾಗಿ ಇರುತ್ತದೆ. ಆದರೆ ಕುಂಡದೊಳಗೆ ಏನು ತುಂಬಬೇಕು ಅನ್ನೋ ಮಾತು ಬಂದಾಗ ಮಾತ್ರ ಒಂದೇ ಸಾಲು. ಮಣ್ಣು, ಮರಳು, ಗೊಬ್ಬರ ಸಮ ಪಾಲು ಬೆರೆಸಿ ಅಂತ. ಅಷ್ಟಕ್ಕೆ ಮುಗೀತು. ಯಾವ ಮಣ್ಣು, ಎಂಥ ಮರಳು, ಗೊಬ್ಬರ ಎಷ್ಟು ಕೊಳೆತಿರಬೇಕು, ಸಮ ಪಾಲೇ ಯಾಕೆ, ಇದನ್ನು ಯಾರೂ ಹೇಳುವುದಿಲ್ಲ. ಮನೆಯ ಗಿಡಗಳು ಸಾಯುವುದಕ್ಕೆ ದೊಡ್ಡ ಕಾರಣ ಇರುವುದೇ ಇಲ್ಲಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಎಲೆ ಹಳದಿಯಾದರೆ ನಮಗೆ ಮೊದಲು ಹೊಳೆಯುವುದು ಗೊಬ್ಬರ. ಗಿಡ ಸೊರಗಿದರೆ ನೀರು. ಬೇರಿಗೆ ಉಸಿರಾಡಲು ಗಾಳಿ ಇದೆಯಾ ಅಂತ ಕೇಳುವವರು ಬಹಳ ಕಡಿಮೆ. ಬೇರು ಜೀವಂತ ಭಾಗ, ಅದಕ್ಕೆ ಆಮ್ಲಜನಕ ಬೇಕೇ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇದ್ದರೆ ಅದು ಸಲೀಸಾಗಿ ಸಿಗುತ್ತದೆ. ಆ ಸಂದುಗಳೆಲ್ಲ ನೀರಿನಿಂದ ತುಂಬಿಹೋದರೆ ಸಿಗುವುದಿಲ್ಲ, ಯಾಕೆಂದರೆ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರು ಕಟ್ಟಿದ ಬೇರು ನೀರು ಹೀರುವುದನ್ನೂ ನಿಲ್ಲಿಸುತ್ತದೆ. ಹಾಗಾಗಿ ಮಣ್ಣು ಒದ್ದೆ ಇದ್ದರೂ ಎಲೆ ಬಾಡುತ್ತದೆ. ಅದನ್ನು ನೋಡಿ ನಾವು ಇನ್ನೂ ಒಂದು ಚೊಂಬು ನೀರು ಹಾಕುತ್ತೇವೆ. ಆಮೇಲೆ ಬೇರು ಕೊಳೆಸುವ ಪಿಥಿಯಂ, ಫೈಟಾಫ್ತೊರಾದಂಥ ರೋಗಾಣುಗಳು ಸೇರಿಕೊಳ್ಳುತ್ತವೆ. ಅಂಥ ಗಿಡವನ್ನು ಕುಂಡದಿಂದ ಬಗ್ಗಿಸಿ ಹೊರಗೆ ತೆಗೆದು ನೋಡಿ. ಬೇರು ಬಿಳಿಯಾಗಿ ಗಟ್ಟಿಯಾಗಿ ಇರುವುದಿಲ್ಲ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ, ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿಕೊಂಡು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರಬಹುದು.

ನೆಲದಲ್ಲಿ ಚೆನ್ನಾಗಿ ಬೆಳೆಯುವ ಮಣ್ಣು ಕುಂಡದಲ್ಲಿ ಯಾಕೆ ಕೈಕೊಡುತ್ತದೆ ಅಂತ ತುಂಬಾ ಜನರಿಗೆ ಅನುಮಾನ. ಒಳ್ಳೆಯ ತೋಟದ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಗಟ್ಟಿ ಪದಾರ್ಥ, ಉಳಿದ ಅರ್ಧ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ನೀರು ಮತ್ತು ಗಾಳಿ ಹಂಚಿಕೊಂಡು ಇರುತ್ತವೆ. ನೆಲದಲ್ಲಿ ಎರೆಹುಳುಗಳು, ಬೇರುಗಳು, ಇತರ ಜೀವಿಗಳು ಆ ಸಂದುಗಳನ್ನು ಮತ್ತೆ ಮತ್ತೆ ಬಿಡಿಸುತ್ತಾ ಇರುತ್ತವೆ. ಕೆಳಗೆ ಇನ್ನೂ ಎಷ್ಟೋ ಅಡಿ ಮಣ್ಣು ಇರುವುದರಿಂದ ನೀರು ಕೆಳಗೆ ಎಳೆದುಕೊಂಡು ಹೋಗುತ್ತದೆ. ಅದೇ ಮಣ್ಣನ್ನು ಅಗೆದು, ಪುಡಿ ಮಾಡಿ, ಕುಂಡಕ್ಕೆ ತುಂಬಿ, ಮೇಲಿನಿಂದ ದಿನಾ ನೀರು ಸುರಿದರೆ ಕೆಲವೇ ವಾರಗಳಲ್ಲಿ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಜೇಡಿ ಜಾಸ್ತಿ ಇದ್ದರಂತೂ ಮುಗಿದೇ ಹೋಯಿತು. ಒಣಗಿದಾಗ ಕುಂಡದ ಗೋಡೆಯಿಂದ ಬಿಟ್ಟುಕೊಂಡು ಸುತ್ತ ಬಿರುಕು ಬಿಡುತ್ತದೆ, ಹಾಕಿದ ನೀರು ಆ ಬಿರುಕಿನಲ್ಲೇ ಸರ್ರನೆ ಇಳಿದು ತಳದ ತಟ್ಟೆಗೆ ಬರುತ್ತದೆ, ಬೇರಿನ ಹತ್ತಿರ ಒಂದು ಹನಿಯೂ ಹೋಗಿರುವುದಿಲ್ಲ.

ಇನ್ನೊಂದು ವಿಷಯ, ತಳಕ್ಕೆ ಜಲ್ಲಿ ಹಾಕುವುದು. ಕುಂಡದ ತಳದಲ್ಲಿ ಎರಡು ಇಂಚು ಜಲ್ಲಿ ಅಥವಾ ಹೆಂಚಿನ ಚೂರು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ಇವತ್ತಿಗೂ ಬರೆಯುತ್ತಾರೆ. ಇದು ನಿಜವಲ್ಲ. ಪಾತ್ರೆ ತೊಳೆಯುವ ಆಯತಾಕಾರದ ಒಂದು ಸ್ಪಂಜು ತೆಗೆದುಕೊಳ್ಳಿ. ಪೂರ್ತಿ ನೆನೆಸಿ, ಅಂಗೈ ಮೇಲೆ ಮಲಗಿಸಿದಂತೆ ಹಿಡಿದು ಎತ್ತಿ. ಸ್ವಲ್ಪ ಹೊತ್ತು ನೀರು ತೊಟ್ಟಿಕ್ಕುತ್ತದೆ, ಆಮೇಲೆ ನಿಲ್ಲುತ್ತದೆ. ಹಿಂಡಬೇಡಿ, ಸುಮ್ನೆ ಅದನ್ನು ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ಅದರೊಳಗಿನ ತೂತುಗಳೂ ಅವೇ, ಬದಲಾಗಿದ್ದು ಎತ್ತರ ಮಾತ್ರ. ಕುಂಡದಲ್ಲೂ ಹೀಗೇ ಆಗುತ್ತದೆ. ಎಷ್ಟೇ ಬಸಿದರೂ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ಮಿಶ್ರಣ ನೀರಿನಿಂದ ತುಂಬಿಕೊಂಡೇ ಇರುತ್ತದೆ. ಆ ಎತ್ತರವನ್ನು ಮುಖ್ಯವಾಗಿ ನಿರ್ಧರಿಸುವುದು ಕಣಗಳ ಗಾತ್ರ. ನುಣ್ಣಗಿನ ಮಣ್ಣಾದರೆ ಜಾಸ್ತಿ, ಒರಟು ಮಿಶ್ರಣವಾದರೆ ಕಡಿಮೆ.

ಜಲ್ಲಿ ಹಾಕಿದಾಗ ಆಗುವುದಿಷ್ಟೇ. ಸಣ್ಣ ಸಂದುಗಳಲ್ಲಿ ಹಿಡಿದುಕೊಂಡ ನೀರು ದೊಡ್ಡ ಸಂದುಗಳಿಗೆ ತಾನಾಗಿ ಇಳಿಯುವುದಿಲ್ಲ, ಮೇಲಿನ ಪದರದ ತಳ ಪೂರ್ತಿ ತುಂಬಿದ ಮೇಲೇ ಇಳಿಯುತ್ತದೆ. ಅಂದರೆ ತಳದಲ್ಲಿ ಇರಬೇಕಾದ ಒದ್ದೆ ಪದರ ಜಲ್ಲಿಯ ಮೇಲೆ ಬಂದು ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರ. ಜೊತೆಗೆ ಎರಡು ಇಂಚು ಮಣ್ಣಿನ ಜಾಗವೂ ಹೋಯಿತು. ತೂತಿನಿಂದ ಮಣ್ಣು ಜಾರದಿರಲಿ ಅಂದರೆ ಒಂದು ತುಂಡು ಬಲೆ ಸಾಕು. ಕುಂಡಕ್ಕೆ ತೂತು ಮಾತ್ರ ಇರಲೇಬೇಕು, ಅದರಲ್ಲಿ ರಾಜಿ ಇಲ್ಲ. ಗಿಡ್ಡ ಕುಂಡದಲ್ಲಿ ಈ ಒದ್ದೆ ಪದರವೇ ಅರ್ಧ ಜಾಗ ತಿಂದುಬಿಡುವುದರಿಂದ ಅಂಥದ್ದಕ್ಕೆ ಇನ್ನೂ ಒರಟಾದ ಮಿಶ್ರಣ ಬೇಕು. ಪುಟ್ಟ ಸಸಿಯನ್ನು ನೇರವಾಗಿ ದೊಡ್ಡ ಕುಂಡಕ್ಕೆ ಇಟ್ಟರೆ ಬೇರು ತಲುಪದ ಮಣ್ಣೆಲ್ಲ ದಿನಗಟ್ಟಲೆ ಒದ್ದೆಯಾಗೇ ಇರುತ್ತದೆ, ಅದೂ ಒಳ್ಳೆಯದಲ್ಲ.

ಹಾಗಾದರೆ ಮರಳು ಹಾಕಿದರೆ ಸರಿಹೋಗುತ್ತದಾ? ಎಂಥ ಮರಳು ಅನ್ನೋದರ ಮೇಲೆ ಹೋಗುತ್ತದೆ. ಗಾರೆಗೆ ಸೋಸಿದ ನುಣ್ಣನೆ ಮರಳನ್ನು ಜೇಡಿ ಮಣ್ಣಿಗೆ ಸ್ವಲ್ಪ ಬೆರೆಸಿದರೆ ಜೇಡಿಯ ಸಣ್ಣ ಕಣಗಳು ಮರಳಿನ ಸಂದುಗಳಲ್ಲಿ ಕೂತು ಒಣಗಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಉಪಯೋಗಕ್ಕೆ ಬರುವುದು ದಪ್ಪ ಮರಳು, 2 ಮಿಲಿಮೀಟರ್ ಆಸುಪಾಸಿನ ಕಾಳು ಇರುವಂಥದ್ದು, ಚೆನ್ನಾಗಿ ತೊಳೆದದ್ದು. ಸಮುದ್ರದ ಮರಳಂತೂ ಬೇಡವೇ ಬೇಡ, ಅದರಲ್ಲಿ ಉಪ್ಪಿರುತ್ತದೆ. ಮಣ್ಣಲ್ಲಿ ಜೇಡಿ ಎಷ್ಟಿದೆ ಅಂತ ತಿಳಿಯಬೇಕಾದರೆ ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ಕೆಲವು ಗಂಟೆಗಳಲ್ಲಿ ರೇವೆ ಮಣ್ಣು ಕೂರುತ್ತದೆ. ಜೇಡಿ ಒಂದು ದಿನ, ಕೆಲವು ಸಲ ಇನ್ನೂ ಜಾಸ್ತಿ ಹೊತ್ತು ನೀರನ್ನು ಕಲಕಾಗೇ ಇಟ್ಟಿರುತ್ತದೆ. ಪದರಗಳನ್ನು ಅಳತೆ ಕಡ್ಡಿ ಇಟ್ಟು ನೋಡಿದರೆ ಯಾವುದು ಎಷ್ಟು ಪಾಲು ಅಂತ ಕಣ್ಣಿಗೇ ಕಾಣುತ್ತದೆ.

ಈಗ ಎಲ್ಲರೂ ಬಳಸುವ ಕೋಕೋಪೀಟ್ ವಿಷಯ. ಇದರ ಬಗ್ಗೆ ಹೇಳುವುದು ಜಾಸ್ತಿ ಇದೆ. ತೆಂಗಿನ ನಾರು ಬಿಡಿಸುವಾಗ ಉಳಿಯುವ ಪುಡಿ ಇದು. ಹಗುರ, ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ, ಒಣಗಿದ ಮೇಲೂ ಮತ್ತೆ ಬೇಗ ನೆನೆಯುತ್ತದೆ. 5 ಕಿಲೋ ಒತ್ತಿದ ಇಟ್ಟಿಗೆ ನೆನೆಸಿದರೆ 60ರಿಂದ 75 ಲೀಟರ್ ಆಗುತ್ತದೆ. ಇಷ್ಟೆಲ್ಲ ಗುಣ ಇದ್ದರೂ ಎರಡು ತೊಂದರೆಗಳಿವೆ, ಅದನ್ನು ಮಾರುವವರು ಹೇಳುವುದು ಅಪರೂಪ. ಒಂದು, ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಇರುತ್ತವೆ. ತೊಳೆಯದೆ ಬಳಸಿದರೆ ಎಳೆ ಸಸಿಯ ಎಲೆ ಅಂಚು ಸುಟ್ಟಂತಾಗುತ್ತದೆ. ಬಕೆಟ್ಟಿನಲ್ಲಿ ನೆನೆಸಿ, ಕಂದು ನೀರು ಬಸಿದು, ಮತ್ತೆ ಹೊಸ ನೀರು ಹಾಕಿ, ಹೀಗೆ ನೀರಿನ ಬಣ್ಣ ತಿಳಿಯಾಗುವವರೆಗೆ ಮಾಡಿದರೆ ಕರಗುವ ಉಪ್ಪಿನ ಬಹುಪಾಲು ಹೋಗುತ್ತದೆ. ಎರಡನೆಯದು ತೊಳೆದರೂ ಪೂರ್ತಿ ಹೋಗದ ತೊಂದರೆ. ನಾರಿನ ಪುಡಿಯ ಕಣಗಳು ಸೋಡಿಯಂ, ಪೊಟ್ಯಾಸಿಯಂ ಅನ್ನು ಅಂಟಿಸಿಕೊಂಡಿರುತ್ತವೆ, ನಾವು ಗೊಬ್ಬರ ಹಾಕಿದಾಗ ಅವನ್ನು ಬಿಟ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ತಾವೇ ಹಿಡಿದಿಟ್ಟುಕೊಳ್ಳುತ್ತವೆ. ಗಿಡಕ್ಕೆ ಸಿಗಬೇಕಾದ್ದು ಸಿಗುವುದಿಲ್ಲ. ದೊಡ್ಡ ನರ್ಸರಿಗಳಲ್ಲಿ ಇದಕ್ಕಾಗಿಯೇ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ನೆನೆಸಿಟ್ಟು ಆಮೇಲೆ ಮತ್ತೆ ತೊಳೆಯುತ್ತಾರೆ. ಮನೆಯಲ್ಲಿ ಅಷ್ಟು ಮಾಡದಿದ್ದರೂ ಮಿಶ್ರಣಕ್ಕೆ ಒಳ್ಳೆಯ ಕಾಂಪೋಸ್ಟ್ ಸೇರಿಸಿದರೆ ಕ್ಯಾಲ್ಸಿಯಂ ಕೊರತೆ ಕಡಿಮೆಯಾಗುತ್ತದೆ.

ಕೋಕೋಪೀಟ್ ಅಂದರೆ ಗೊಬ್ಬರ ಅಂತ ತಿಳಿದವರೂ ಇದ್ದಾರೆ. ಅಲ್ಲ. ಅದರಲ್ಲಿ ಗಿಡಕ್ಕೆ ಬೇಕಾದ ಸಾರಜನಕ ಇಲ್ಲ ಅನ್ನುವಷ್ಟು ಕಡಿಮೆ. ಬರೀ ಅದನ್ನೇ ತುಂಬಿದ ಕುಂಡದಲ್ಲಿ ಗಿಡ ಸ್ವಲ್ಪ ದಿನ ಚೆನ್ನಾಗಿದ್ದು ನಿಂತುಬಿಡುತ್ತದೆ.

ಪೀಟ್ ಅಂತ ಇನ್ನೊಂದು ಬರುತ್ತದೆ, ಜೌಗು ನೆಲದಲ್ಲಿ ಪಾಚಿ ಅರೆ ಕೊಳೆತು ಆದದ್ದು. ಅದನ್ನು ನಾನು ಕೊಳ್ಳುವುದಿಲ್ಲ, ಬೇರೆಯವರೂ ಕೊಳ್ಳದಿದ್ದರೆ ಒಳ್ಳೆಯದು ಅಂತ ಹೇಳುತ್ತೇನೆ. ಅದು ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಜಗತ್ತಿನ ನೆಲದ ಶೇಕಡಾ 3ರಷ್ಟು ಜಾಗದಲ್ಲಿರುವ ಈ ಜೌಗುಗಳು ಮಣ್ಣಿನಲ್ಲಿರುವ ಒಟ್ಟು ಇಂಗಾಲದ ಸುಮಾರು ಮೂರನೇ ಒಂದು ಭಾಗವನ್ನು ಹಿಡಿದಿಟ್ಟಿವೆ. ಅಂಥದ್ದನ್ನು ಅಗೆದು ಹೂಕುಂಡಕ್ಕೆ ತುಂಬುವುದು ಬೇಕಾ? ಸಾಲದ್ದಕ್ಕೆ ಅದು ಹುಳಿ ಗುಣದ್ದು, ರಸಸಾರ (ಹುಳಿ-ಕ್ಷಾರದ ಅಳತೆ, ಪಿಎಚ್) 4ರ ಆಸುಪಾಸು. ಸುಣ್ಣ ಸೇರಿಸದೆ ಬಹಳಷ್ಟು ಗಿಡಗಳಿಗೆ ಆಗುವುದಿಲ್ಲ. ಪೂರ್ತಿ ಒಣಗಿದರೆ ನೀರನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಗಾಳಿಗಾಗಿ ಸೇರಿಸುವ ಬಿಳಿ ಕಾಳು ಪರ್ಲೈಟ್. ಜ್ವಾಲಾಮುಖಿಯಿಂದ ಬಂದ ಗಾಜಿನಂಥ ಕಲ್ಲನ್ನು 850ರಿಂದ 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಒಳಗಿನ ನೀರು ಆವಿಯಾಗಿ ಅದು ಅರಳಿಕೊಳ್ಳುತ್ತದೆ. ಕೊಳೆಯುವುದಿಲ್ಲ, ಕುಸಿಯುವುದಿಲ್ಲ. ಚೀಲ ಬಿಚ್ಚುವ ಮೊದಲು ಸಣ್ಣ ತೂತಿನಿಂದ ಸ್ವಲ್ಪ ನೀರು ಬಿಟ್ಟರೆ ಅದರ ದೂಳು ಮೂಗಿಗೆ ಹೋಗುವುದಿಲ್ಲ. ವರ್ಮಿಕ್ಯುಲೈಟ್ ನೋಡಲು ಪದರ ಪದರವಾಗಿರುತ್ತದೆ, ಅದು ನೀರು ಮತ್ತು ಗೊಬ್ಬರವನ್ನು ಹಿಡಿದಿಡುತ್ತದೆ, ಹಾಗಾಗಿ ಬೀಜ ಹಾಕುವ ತಟ್ಟೆಗೆ ಒಳ್ಳೆಯದು, ಒತ್ತಿದರೆ ಚಪ್ಪಟೆಯಾಗಿಬಿಡುತ್ತದೆ. ಎರಡೂ ಸಿಗದಿದ್ದರೆ ಭತ್ತದ ಹೊಟ್ಟು, ದಪ್ಪ ಮರಳು, ಪುಡಿ ಮಾಡಿ ಜರಡಿ ಹಿಡಿದ ಇಟ್ಟಿಗೆ ಚೂರು, ಮರದ ತೊಗಟೆ ಚೂರು, ಯಾವುದಾದರೂ ಆದೀತು. ಸಂದು ಬಿಡಿಸುವ ಒರಟು ವಸ್ತು ಇರಬೇಕು ಅಷ್ಟೇ. ಮರದ ಹೊಟ್ಟು ಮಾತ್ರ ಹಸಿಯಾಗಿ ಹಾಕಬೇಡಿ. ಅದರಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ ಇರುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೇ ಕಿತ್ತುಕೊಳ್ಳುತ್ತವೆ.

ಇನ್ನು ಕಾಂಪೋಸ್ಟ್. ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನೋ ನಂಬಿಕೆ ಬಲವಾಗಿದೆ, ನನಗೆ ಅದನ್ನು ನೋಡಿದರೆ ಬೇಸರವಾಗುತ್ತದೆ, ಯಾಕೆಂದರೆ ಪ್ರೀತಿಯಿಂದಲೇ ಜನ ಗಿಡ ಕೊಲ್ಲುತ್ತಾರೆ. ಕಾಂಪೋಸ್ಟ್ ಕುಂಡದೊಳಗೂ ಕೊಳೆಯುತ್ತಾ ಇರುತ್ತದೆ, ಕೊಳೆತಂತೆ ಕುಸಿಯುತ್ತದೆ, ಸಂದು ಮುಚ್ಚುತ್ತದೆ, ಲವಣಾಂಶವೂ ಏರುತ್ತದೆ. ಒಟ್ಟು ಅಳತೆಯಲ್ಲಿ ಕಾಲು ಭಾಗ ಇದ್ದರೆ ಸಾಕು. ಎರೆಹುಳು ಗೊಬ್ಬರ ಇನ್ನೂ ನುಣ್ಣಗೆ ಇರುವುದರಿಂದ ಹತ್ತನೇ ಒಂದರಿಂದ ಐದನೇ ಒಂದು ಭಾಗ. ಹಸಿ ಸಗಣಿ, ಅರೆಬೆಂದ ಕೊಟ್ಟಿಗೆ ಗೊಬ್ಬರ ಕುಂಡಕ್ಕೆ ಸಲ್ಲದು. ಬಿಸಿ ಏರಿ, ಅಮೋನಿಯಾ ಹುಟ್ಟಿ ಬೇರು ಸುಡುತ್ತದೆ. ಗೊಬ್ಬರ ಹದವಾಗಿದೆಯಾ ಅಂತ ನೋಡಲು ಒಂದು ಮುಷ್ಟಿ ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಕೆಲವು ದಿನ ಇಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ, ಹುಳಿ ವಾಸನೆಯೋ ಅಮೋನಿಯಾ ಘಾಟೋ ಬಂದರೆ ಇನ್ನೂ ಕಾಯಬೇಕು. ಅದರ ಮೇಲೂ ಅನುಮಾನ ಇದ್ದರೆ ಸ್ವಲ್ಪ ಮೂಲಂಗಿ ಬೀಜ ಅದರಲ್ಲಿ ಉದುರಿಸಿ ನೋಡಿ. ಮೊಳಕೆ ಸರಿಯಾಗಿ ಬಾರದಿದ್ದರೆ, ಬೇರಿನ ತುದಿ ಕಪ್ಪಾದರೆ, ಆ ಗೊಬ್ಬರ ಈಗಲೇ ಬೇಡ. ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪಿರಾಲಿಡ್‌ನಂಥ ಕಳೆನಾಶಕ ಹುಲ್ಲು ತಿಂದ ದನದ ಸಗಣಿಯಲ್ಲೂ ಉಳಿದು ಬರುತ್ತದೆ. ಅಂಥ ಗೊಬ್ಬರದಲ್ಲಿ ಟೊಮೆಟೊ, ಹುರುಳಿಕಾಯಿ ಗಿಡಗಳ ಚಿಗುರೆಲೆ ಬಟ್ಟಲಿನಂತೆ ಮುದುಡುತ್ತದೆ. ಎಲ್ಲಿಂದ ಬಂದ ಗೊಬ್ಬರ ಅಂತ ಕೇಳಿ ಕೊಳ್ಳುವುದು ಅದಕ್ಕೇ.

ಹೀಗೆ ಲೆಕ್ಕ ಹಾಕಿ ಮಣ್ಣು ಬೆರೆಸುವುದು ಹೊಸದೇನಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ವಿಲಿಯಂ ಲಾರೆನ್ಸ್ ಮತ್ತು ಜಾನ್ ನೆವೆಲ್ 7 ಪಾಲು ಗೋಡು ಮಣ್ಣು, 3 ಪಾಲು ಪೀಟ್, 2 ಪಾಲು ದಪ್ಪ ಮರಳು ಅಂತ ಒಂದು ಮಿಶ್ರಣ ಗೊತ್ತುಮಾಡಿದರು. ಮಣ್ಣನ್ನು ಆವಿಯಲ್ಲಿ ಬೇಯಿಸಿ ರೋಗಾಣು ಕೊಂದು ಬಳಸುತ್ತಿದ್ದರು. ಮುಂದೆ 1960ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಣ್ಣನ್ನೇ ಬಿಟ್ಟು ಪೀಟ್ ಜೊತೆ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್ ಬೆರೆಸುವ ಹಗುರ ಮಿಶ್ರಣಗಳು ಬಂದವು. ಇವತ್ತು ಚೀಲದಲ್ಲಿ ಸಿಗುವ ಬಹಳಷ್ಟು ಮಿಶ್ರಣಗಳು ಆ ದಾರಿಯವೇ.

ನನ್ನನ್ನು ಕೇಳಿದರೆ ಸಾಮಾನ್ಯ ಗಿಡಗಳಿಗೆ 2 ಪಾಲು ತೊಳೆದ ಕೋಕೋಪೀಟ್, 1 ಪಾಲು ಹದವಾದ ಕಾಂಪೋಸ್ಟ್, 1 ಪಾಲು ಪರ್ಲೈಟ್ ಅಥವಾ ಅಂಥದ್ದೇ ಒರಟು ವಸ್ತು. ಪಾಲು ಅಂದರೆ ಅಳತೆಯ ಲೆಕ್ಕ, ತೂಕದ್ದಲ್ಲ, ಒಂದೇ ಡಬ್ಬಿಯಲ್ಲಿ ಅಳೆಯಿರಿ. ಗಾಳಿಗೆ ಕುಂಡ ಬೀಳುತ್ತದೆ ಅನ್ನುವ ಕಡೆ ಭಾರಕ್ಕಾಗಿ ಮಣ್ಣು ಸೇರಿಸಬಹುದು, ಆದರೆ ಮೂರನೇ ಒಂದು ಭಾಗ ದಾಟದಿರಲಿ. ಒದ್ದೆ ತೋಟದ ಮಣ್ಣು ಲೀಟರಿಗೆ ಒಂದೂವರೆ ಕಿಲೋ ಮೀರುತ್ತದೆ. 20 ಲೀಟರಿನ ಕುಂಡ ತುಂಬಿದರೆ 30 ಕಿಲೋಗಿಂತ ಹೆಚ್ಚು, ಬಾಲ್ಕನಿಯಲ್ಲಿ ಸಾಲಾಗಿ ಇಡುವವರು ಇದನ್ನು ಮನಸ್ಸಿನಲ್ಲಿಡಬೇಕು. ಕಳ್ಳಿ ಜಾತಿಗೆ ಅರ್ಧಕ್ಕಿಂತ ಜಾಸ್ತಿ ದಪ್ಪ ಮರಳು, ಕಲ್ಲಿನ ಚೂರು. ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳಿಗೆ ಮಣ್ಣೇ ಬೇಡ, ತೊಗಟೆ ಚೂರು ಸಾಕು. ಬೀಜ ಮೊಳೆಸಲು ಗೊಬ್ಬರ ಇಲ್ಲದ, ಜರಡಿ ಹಿಡಿದ ಮಿಶ್ರಣ. ಬೆರೆಸುವಾಗ ಸ್ವಲ್ಪ ನೀರು ಚಿಮುಕಿಸಿ ಹದ ಮಾಡಿಕೊಳ್ಳಿ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಕುಂಡಕ್ಕೆ ತುಂಬುವಾಗ ಗುದ್ದಿ ಗುದ್ದಿ ಒತ್ತುವುದು ಬೇಡ, ನೆಲಕ್ಕೆ ಒಂದೆರಡು ಸಲ ಕುಟ್ಟಿದರೆ ತಾನೇ ಕೂರುತ್ತದೆ.

ಗಾಳಿ ಎಷ್ಟಿದೆ ಅಂತ ಮನೆಯಲ್ಲೇ ಅಳೆಯಬಹುದು. ಕುಂಡದ ತೂತುಗಳಿಗೆ ಟೇಪ್ ಅಂಟಿಸಿ, ನೀರು ತುಂಬಿ, ಎಷ್ಟು ಹಿಡಿಯಿತು ಅಂತ ಬರೆದಿಡಿ. 3 ಲೀಟರ್ ಅಂದುಕೊಳ್ಳಿ. ನೀರು ಚೆಲ್ಲಿ, ಅದೇ ಮಟ್ಟಕ್ಕೆ ಮಿಶ್ರಣ ತುಂಬಿ. ನಿಧಾನವಾಗಿ ಅಂಚಿನಿಂದ ನೀರು ಬಿಡುತ್ತಾ ಹೋಗಿ, ಮೇಲೆ ಹೊಳಪು ಕಾಣುವವರೆಗೆ. ಒಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಬರುವುದು ನಿಲ್ಲುವವರೆಗೆ ಬಿಡಿ, ನೀರು ಇಳಿದರೆ ಮತ್ತೆ ತುಂಬಿ. ಆಮೇಲೆ ಬಾಂಡ್ಲಿಯ ಮೇಲೆ ಹಿಡಿದು ಟೇಪ್ ಕಿತ್ತು, ಪೂರ್ತಿ ಬಸಿಯಲು ಬಿಡಿ. ಬಸಿದ ನೀರು 450 ಮಿಲಿಲೀಟರ್ ಇದ್ದರೆ ಗಾಳಿಯ ಜಾಗ ಶೇಕಡಾ 15. ಹೆಚ್ಚಿನ ಗಿಡಗಳಿಗೆ 10ರಿಂದ 20 ಒಳ್ಳೆಯದು. ಹತ್ತಕ್ಕಿಂತ ಕಡಿಮೆ ಬಂದರೆ ಒರಟು ವಸ್ತು ಇನ್ನೂ ಸೇರಿಸಬೇಕು. ಯಾವ ಗೊಬ್ಬರವೂ ಆ ಕೊರತೆ ತುಂಬುವುದಿಲ್ಲ.

ಹಳೆಯ ಮಣ್ಣನ್ನು ಎಸೆಯಬೇಕಾಗಿಲ್ಲ. ಬೇರು ತೆಗೆದು, ಜರಡಿ ಹಿಡಿದು, ಒದ್ದೆ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬಿರುಬಿಸಿಲಿನಲ್ಲಿ ಕೆಲವು ವಾರ ಇಟ್ಟು, ಮೂರನೇ ಒಂದು ಭಾಗ ಹೊಸದು ಬೆರೆಸಿ ಬಳಸಬಹುದು. ಬೇರು ಕೊಳೆತು ಸತ್ತ ಗಿಡದ ಮಣ್ಣು ಮಾತ್ರ ಮತ್ತೆ ಕುಂಡಕ್ಕೆ ಬೇಡ.

ಕೊನೆಯದಾಗಿ ಚೀಲದ ವಿಷಯ, ಇದರಲ್ಲಿ ನಿಮ್ಮ ಸಹಾಯ ಬೇಕು ಸಂಪಾದಕರೇ. ನಾನು ಕೊಂಡ ಒಂದು ಚೀಲದ ಮೇಲೆ ದೊಡ್ಡ ಹೂವಿನ ಚಿತ್ರ ಇತ್ತು, "ಸಮೃದ್ಧ ಮಣ್ಣು" ಅಂತ ಬರೆದಿತ್ತು, ಒಳಗೆ ಏನೇನಿದೆ ಅಂತ ಒಂದು ಅಕ್ಷರವೂ ಇರಲಿಲ್ಲ. ಬಿಚ್ಚಿದರೆ ಒದ್ದೆ ಜೇಡಿ ಮಣ್ಣು, ಕೊಳೆಯದ ಎಲೆ ತೊಟ್ಟು. ತೂಕಕ್ಕೆ ಮಾರುವುದರಿಂದ ನೀರಿಗೂ ನಾವೇ ಹಣ ಕೊಡುತ್ತೇವೆ, ಅಲ್ವಾ? ಎಷ್ಟು ಲೀಟರ್, ಏನೇನು ಬೆರೆಸಿದ್ದಾರೆ, ನಾರಿನ ಪುಡಿ ತೊಳೆದದ್ದಾ, ಗೊಬ್ಬರ ಸೇರಿಸಿದ್ದರೆ ಎಷ್ಟು ವಾರಕ್ಕೆ, ರಸಸಾರ ಎಷ್ಟು, ಚೀಲ ತುಂಬಿದ್ದು ಯಾವಾಗ, ಇಷ್ಟನ್ನು ಮುದ್ರಿಸುವುದು ಕಷ್ಟದ ಕೆಲಸವಲ್ಲ. ಆಸ್ಟ್ರೇಲಿಯಾದಲ್ಲಿ ಕುಂಡದ ಮಿಶ್ರಣಕ್ಕೇ ಪ್ರತ್ಯೇಕ ಮಾನದಂಡ ಇದೆ, ಎಎಸ್ 3743 ಅಂತ. ಚೀಲದ ಮೇಲೆ ಆರೋಗ್ಯದ ಎಚ್ಚರಿಕೆಯೂ ಇರುತ್ತದೆ. ಯಾಕೆಂದರೆ 1980ರ ದಶಕದ ಕೊನೆಯಲ್ಲಿ ಅಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಲಾಂಗ್‌ಬೀಚೆ ಅನ್ನೋ ಬ್ಯಾಕ್ಟೀರಿಯಾ ಇಂಥ ಮಿಶ್ರಣಗಳಲ್ಲಿ ಸಿಕ್ಕಿತ್ತು. ಚೀಲವನ್ನು ಮುಖದಿಂದ ದೂರ ಹಿಡಿದು ಬಿಚ್ಚಬೇಕು, ದೂಳೇಳದಂತೆ ನೀರು ಚಿಮುಕಿಸಬೇಕು, ಮಾಸ್ಕ್, ಕೈಗವಸು ಹಾಕಿಕೊಳ್ಳಬೇಕು, ಆಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ವಯಸ್ಸಾದವರು, ಶ್ವಾಸಕೋಶದ ತೊಂದರೆ ಇರುವವರು, ಸಿಗರೇಟ್ ಸೇದುವವರು ಇನ್ನೂ ಹುಷಾರಾಗಿರಬೇಕು. ಈ ಎರಡು ಸಾಲು ಪ್ರತಿ ಚೀಲದ ಮೇಲೂ ಬರಬೇಕು ಅಂತ ನೀವು ಬರೆಯಿರಿ.

ಹಾಗೆಯೇ ಮುಂದಿನ ಸಲ ಮನೆ ತೋಟದ ಪುಟ ಮಾಡುವಾಗ ಸಮ ಪಾಲು ಅನ್ನೋ ಸಾಲು ಬಿಟ್ಟು, ಆ ಟೇಪ್ ಅಂಟಿಸಿ ಗಾಳಿ ಅಳೆಯುವ ವಿಧಾನವನ್ನು ಚಿತ್ರಗಳ ಸಮೇತ ಹಾಕಿ. ಜಾಗ ಉಳಿದರೆ ಸ್ಪಂಜಿನದ್ದನ್ನೂ ಹಾಕಿ, ಮಕ್ಕಳೂ ಮಾಡಿ ನೋಡುತ್ತಾರೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ